ಬೆನ್ನಿನ ಹುಣ್ಣು: ತಪ್ಪು ಆರದ್ದು?

ಮನೆಲಿ ಆರಾದರೂ ಏಳ್ಲೆ ಎಡಿಯದ್ದೆ ಹಾಸಿಗೆ ಹಿಡುದವು ಹೇಳಿ ಆದರೆ, ನೋಡ್ಲೆ ಬಪ್ಪ ನೆಂಟ್ರು ಕೇಳುವ ಪ್ರಶ್ನೆ ಎರಡು. ಒಂದು, ಒಳ ಕೂದು ಕಾಪಿ ಕುಡಿವಗ: "ಉಂಬದೆಲ್ಲ ಹೇಂಗೆ?" ಇನ್ನೊಂದು, ಜಾಲಿಂಗೆ ಇಳುದ ಮತ್ತೆ, ಸ್ವರ ತಗ್ಗುಸಿ: "ಬೆನ್ನು ಹುಣ್ಣಾಯಿದೋ?"

"ಇಲ್ಲೆ" ಹೇಳಿರೆ, "ಪುಣ್ಯವಂತರು" ಹೇಳುಗು. "ಅಪ್ಪು, ರಜ ಆಯಿದು" ಹೇಳಿರೆ ಮಾತು ಎರಡು ದಾರಿಲಿ ಹೋವುತ್ತು. ಹಳಬ್ಬರಾದರೆ, "ಬೆನ್ನು ಹುಣ್ಣಾತೋ, ಅಂಬಗ ಇನ್ನು ಹೆಚ್ಚು ಸಮಯ ಇಲ್ಲೆ" ಹೇಳುಗು. ಇನ್ನು ಕೆಲವು ಜೆನ, "ಆ ಸೊಸೆಗೆ ಅತ್ತೆಯ ಒಂದರಿ ಮಗ್ಗುಲು ತಿರುಗುಸುಲೆ ಪುರುಸೊತ್ತಿಲ್ಲೆಯೋ?" ಹೇಳಿಗೊಂಡು ಕಾರು ಹತ್ತುಗು.

ಆನುದೇ ಒಂದು ಮನೆಯ ಸೊಸೆಯೇ. ಎಂಗಳ ಅತ್ತೆ ಸೊಂಟದ ಎಲುಬು ಮುರುದು, ಹೃದಯದ ತೊಂದರೆಂದಾಗಿ ಆಪರೇಷನ್ ಮಾಡ್ಸುಲೆ ಎಡಿಯದ್ದೆ, ಹತ್ತು ತಿಂಗಳು ಹಾಸಿಗೆಲಿ ಇತ್ತಿದ್ದವು. ಹಾಂಗಾಗಿ ಈ ವಿಷಯಲ್ಲಿ ಎನಗೊಂದು ಅಭಿಪ್ರಾಯ ಇದ್ದು, ಅದರ ಮದಾಲೇ ಹೇಳ್ತೆ. ವಿಧಿಯ ತಲಗೆ ಹಾಕುದುದೇ ತಪ್ಪು, ಸೊಸೆಯ ತಲಗೆ ಹಾಕುದುದೇ ತಪ್ಪು. ಈ ಹುಣ್ಣು ಬಪ್ಪದು ಗಂಟೆಯ ಲೆಕ್ಕಲ್ಲಿ. ಆ ಗಂಟೆಗಳ ಮನೆಯವೆಲ್ಲ ಹಂಚಿಗೊಂಡರೆ ಹೆಚ್ಚಾಗಿ ತಡವಲೆ ಎಡಿಗು. ಒಬ್ಬನ ಕುತ್ತಿಗೆಗೆ ಕಟ್ಟಿರೆ ಎಡಿಯ.

ಹುಣ್ಣು ಹೇಂಗೆ ಅಪ್ಪದು ಹೇಳಿ ಗೊಂತಾದರೆ ಈ ಲೆಕ್ಕ ತನ್ನಷ್ಟಕೇ ಅರ್ಥ ಆವುತ್ತು. ಜೆಂಬಾರದ ಮನೆಲಿ ಹಂತಿಲಿ ಚಕ್ರಮುಟ್ಟಿ ಕೂದು ಉಂಬಗ, ಪಾಯಸ ಬಪ್ಪನ್ನಾರ ಕಾಲು ಜೋಮು ಹಿಡಿತ್ತಲ್ಲದೋ? ಆವಗ ನಾವು ಎಂತ ಮಾಡ್ತು? ರಜ ಓರೆ ಆಗಿ ಕಾಲು ಬದಲ್ಸುತ್ತು. ಒರಗಿಪ್ಪಗಳುದೇ ಹಾಂಗೇ, ಒಂದು ಹೊಡೆ ಬೇನೆ ಆದ ಕೂಡ್ಲೇ ಎಚ್ಚರಿಗೆ ಇಲ್ಲದ್ದೇ ಇನ್ನೊಂದು ಹೊಡೆಂಗೆ ತಿರುಗುತ್ತು. ಪಾರ್ಶ್ವವಾಯು ಆದವಕ್ಕೆ, ಬೆನ್ನುಹುರಿಗೆ ಪೆಟ್ಟಾದವಕ್ಕೆ, ಎಲುಬು ಮುರುದವಕ್ಕೆ, ಮರವಲು ಹೆಚ್ಚಾದ ಅಜ್ಜ ಅಜ್ಜಿಯಕ್ಕೊಗೆ ಈ ತಿರುಗುದು ಎಡಿತ್ತಿಲ್ಲೆ. ಕೆಲವರಿಂಗೆ ಬೇನೆ ಅಪ್ಪದೇ ಗೊಂತಾವುತ್ತಿಲ್ಲೆ. ಎಲುಬಿನ ಮತ್ತೆ ಹಾಸಿಗೆಯ ಎಡಕ್ಕಿಲಿ ಚೋಲಿ, ಅದರ ಅಡಿಯಾಣ ಮಾಂಸ ಸಿಕ್ಕಿಗೊಂಡು ಸಣ್ಣ ಸಣ್ಣ ನೆತ್ತರಿನ ನಾಳಂಗೊ ಮುಚ್ಚಿ ಹೋವುತ್ತು. ನೆತ್ತರು ಎತ್ತದ್ದ ಜಾಗೆ ಸಾವಲೆ ಸುರು ಮಾಡ್ತು. ಬಲಹೀನ ಆದವಕ್ಕೆ ಎರಡೇ ಗಂಟೆಲಿ ಪೆಟ್ಟು ಸುರು ಅಪ್ಪಲೂ ಸಾಕು.

ಒತ್ತಡ ಒಂದೇ ಅಲ್ಲ. ತಲೆ ಹೊಡೆ ಎತ್ತರ ಮಾಡಿ ಮಡುಗಿರೆ ದೇಹ ಮೆಲ್ಲಂಗೆ ಕೆಳ ಜಾರುತ್ತು. ಎಲುಬು ಕೆಳ ಹೋವುತ್ತು, ಚೋಲಿ ವಸ್ತ್ರಕ್ಕೆ ಅಂಟಿ ಅಲ್ಲೇ ಒಳಿತ್ತು, ಒಳಾಣ ನಾಳಂಗೊ ಎಳದು ತಿರುಪ್ಪಿ ಹೋವುತ್ತು. ಮತ್ತೆ ನಾವು ಕಂಕುಳಿಂಗೆ ಕೈ ಹಾಕಿ "ಹೋಯ್" ಹೇಳಿ ಮೇಲೆ ಎಳವಗ ಚೋಲಿ ಉಜ್ಜುತ್ತು. ಅದರ ಮೇಲಂದ ಮೂತ್ರ, ಬೆಗರು. ನಮ್ಮ ಊರಿನ ಮಳೆಗಾಲ ಗೊಂತಿದ್ದನ್ನೆ, ಮೂರು ದಿನ ಆದರೂ ವಸ್ತ್ರ ಒಣಗ. ಚಂಡಿ ಚೋಲಿ ಬೇಗ ಹರಿತ್ತು. ಸಕ್ಕರೆ ಕಾಯಿಲೆ ಇದ್ದರೆ, ಸರಿಯಾಗಿ ಉಣ್ಣದ್ದೆ ಇದ್ದರೆ ಮತ್ತೂ ಬೇಗ.

ಹುಣ್ಣು ಏಳುವ ಜಾಗೆಗೊ ಇದ್ದು, ಎಲುಬು ಚೋಲಿಗೆ ಹತ್ತರೆ ಇಪ್ಪಲ್ಲಿ: ಸೊಂಟದ ಹಿಂದಾಣ ಎಲುಬು, ಹಿಮ್ಮಡಿ, ಮಗ್ಗುಲಿನ ಎಲುಬು, ಮೊಳಕೈ, ತಲೆಯ ಹಿಂದೆ, ಕೆಮಿ. ವೀಲ್‌ಚೇರಿಲಿ ಕೂದೇ ಇಪ್ಪವಕ್ಕೆ ಕೂಪ ಜಾಗೆಲಿ.

ಇನ್ನು ಜಾಲಿಲಿ ನಿಂದು ಮಾತಾಡುವ ಆ ಎರಡು ಅಭಿಪ್ರಾಯಕ್ಕೆ ಬಪ್ಪ. ಅದು ನಮ್ಮೂರಿಲಿ ಮಾಂತ್ರ ಇಪ್ಪದಲ್ಲ. 19ನೇ ಶತಮಾನಲ್ಲಿ ಪ್ಯಾರಿಸಿನ ದೊಡ್ಡ ನರವೈದ್ಯ ಶಾರ್ಕೊ, ಈ ಹುಣ್ಣು ನರದ ಕಾಯಿಲೆಂದ ಬಪ್ಪದು, ಕೆಲವು ರೋಗಿಗಳಲ್ಲಿ ಇದು ಸಾವಿನ ಮುನ್ಸೂಚನೆ ಹೇಳಿ ನಂಬಿತ್ತಿದ್ದ. ನಮ್ಮ ಹಳಬ್ಬರ ಮಾತೇ. ಅದೇ ಕಾಲಲ್ಲಿ ಇಂಗ್ಲೆಂಡಿಲಿ ಫ್ಲಾರೆನ್ಸ್ ನೈಟಿಂಗೇಲ್, ಹುಣ್ಣಾತು ಹೇಳಿರೆ ಹೆಚ್ಚಾಗಿ ಅದು ಆರೈಕೆಯ ಕೊರತೆ, ಕಾಯಿಲೆಯ ತಪ್ಪಲ್ಲ ಹೇಳುವ ಅರ್ಥಲ್ಲಿ ಬರದತ್ತು. ಕಾರು ಹತ್ತುವವರ ಮಾತು ಇದಕ್ಕೆ ಹತ್ತರೆ ಬತ್ತು. ಶಾರ್ಕೊ ಹೇಳಿದ್ದಕ್ಕಿಂತ ನೈಟಿಂಗೇಲ್ ಹೇಳಿದ್ದು ಎಷ್ಟೋ ಸತ್ಯಕ್ಕೆ ಹತ್ತರೆ ಇದ್ದು. ಆದರೆ "ಆರೈಕೆ" ಹೇಳಿರೆ ಒಂದು ಹೆಮ್ಮಕ್ಕಳ ಎರಡು ಕೈ ಹೇಳಿ ನಾವು ಅರ್ಥ ಮಾಡಿಗೊಂಡರೆ ಅದು ಅನ್ಯಾಯ ಆವುತ್ತು.

ಇದರ ಬಗೆಹರುಶಿದ್ದು ಮತ್ತೊಬ್ಬ. ಜರ್ಮನಿಂದ ಓಡಿ ಬಂದ ಯಹೂದಿ ವೈದ್ಯ ಲುಡ್ವಿಗ್ ಗುಟ್‌ಮನ್, 1944ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರ ವಿಭಾಗ ಸುರು ಮಾಡಿದ. ಅದಕ್ಕಿಂತ ಮದಲು ಅಂತವು ಹೆಚ್ಚಿನವು ಹುಣ್ಣಿನ ನಂಜು, ಮೂತ್ರದ ನಂಜು ಏರಿ ತೀರಿ ಹೋಗಿಯೊಂಡಿತ್ತಿದ್ದವು. ಗುಟ್‌ಮನ್ ಹೊಸ ಮದ್ದು ಎಂತದೂ ತಯಿಂದಾ ಇಲ್ಲೆ. ಹಗಲು ಇರುಳು ಎರಡೆರಡು ಗಂಟೆಗೊಂದರಿ ಎಲ್ಲೋರನ್ನೂ ತಿರುಗುಸೆಕ್ಕು ಹೇಳಿ ನಿಯಮ ಮಾಡಿ, ಅದಕ್ಕೆ ಬೇಕಾದ ಜೆನಂಗಳ ಪಾಳಿಲಿ ನಿಲ್ಸಿದ. ಸಾಯ್ತವು ಹೇಳಿ ಬಿಟ್ಟ ಜವ್ವನಿಗರು ಬದುಕಿದವು. 1948ಲಿ ಅವು ವೀಲ್‌ಚೇರಿಲಿ ಕೂದು ಬಿಲ್ಲು ಬಾಣದ ಸ್ಪರ್ಧೆ ಮಾಡಿದವು. ಇಂದ್ರಾಣ ಪ್ಯಾರಾಲಿಂಪಿಕ್ಸಿನ ಮೂಲ ಅದುವೇ. ಪಾಳಿ ಹೇಳುವ ಒಂದು ಶಬ್ದಲ್ಲಿ ಎಷ್ಟು ಜೀವ ಇದ್ದು ನೋಡಿ.

ಇನ್ನು ನಮ್ಮ ಮನೆಯ ಲೆಕ್ಕ ಮಾಡುವ. ಎರಡು ಗಂಟೆಗೊಂದರಿ ಹೇಳಿರೆ ದಿನಕ್ಕೆ 12 ಸರ್ತಿ. ತಿಂಗಳಿಂಗೆ 360. ಅದರಲ್ಲಿ ಇರುಳಿಂದೇ ನಾಲ್ಕು: ಹತ್ತು, ಹನ್ನೆರಡು, ಎರಡು, ನಾಲ್ಕು ಗಂಟೆ. ಇದರ ಒಂದೇ ಜೆನ ಮಾಡೆಕ್ಕು ಹೇಳಿರೆ ಅದು ಎರಡನೇ ವಾರವೇ ಕೂದಲ್ಲೇ ತೂಕಡುಸುಗು. ಉದಿಯಪ್ಪಗ ಕಾಪಿ ತಿಂಡಿ, ಮಧ್ಯಾಹ್ನಕ್ಕೆ ಆಳುಗೊಕ್ಕೂ ಸೇರಿ ಅಶನ, ದನಗಳ ಕೆಲಸ, ಎಡಕ್ಕಿಲಿ ವಸ್ತ್ರ ಒಗವದು. ಇಷ್ಟರ ಮೇಲೆ ಇರುಳು ನಾಲ್ಕು ಸರ್ತಿ ಏಳೆಕ್ಕು ಹೇಳಿರೆ ಆರ ದೇಹ ತಡಗು? ಹೋಂ ನರ್ಸು ಮಡುಗಿದ್ದು ಹೇಳುವವುದೇ ಇದರ ಯೋಚನೆ ಮಾಡೆಕ್ಕು. ಅದುದೇ ಮನುಷ್ಯರೇ, ಒಂದೇ ಜೆನ 24 ಗಂಟೆ ಎಚ್ಚರಿಗೆಲಿ ಇಕ್ಕೋ?

ಎಂಗಳಲ್ಲಿ ಕೆಲೆಂಡರಿನ ಹಿಂದಾಣ ಹೊಡೆಲಿ ಗೆರೆ ಹಾಕಿ ಗೋಡೆಗೆ ನೇಲ್ಸಿತ್ತಿದ್ದೆಯೊ. ಗಂಟೆ, ಯಾವ ಹೊಡೆ, ಆರು ತಿರುಗುಸಿದ್ದು. ಇರುಳು ಹತ್ತು ಗಂಟೆದು ಮಾವಂದು, ಅವು ಹೇಂಗೂ ವಾರ್ತೆ ನೋಡಿಗೊಂಡು ಕೂರ್ತವು. ಹನ್ನೆರಡರದ್ದು ಮಗಂದು, ಅವಂಗೆ ಪರೀಕ್ಷೆಗೆ ಓದುಲೆ ಇತ್ತು. ಎರಡು ಗಂಟೆದು ಎನ್ನ ಯಜಮಾನ್ರದ್ದು, ನಾಲ್ಕರದ್ದು ಎನ್ನದು. ಅತ್ತೆಗೆ ಸುರುವಿಂಗೆ ಮಗನ, ಪುಳ್ಳಿಯ ಕೈಲಿ ಮಾಡ್ಸಿಗೊಂಬಲೆ ಭಾರೀ ನಾಚಿಕೆ. "ಹೆಮ್ಮಕ್ಕಳೇ ಮಾಡೆಕ್ಕಾದ್ದು ಇದು" ಹೇಳಿ ಮೋರೆ ತಿರುಗುಸುಗು. ಮೈಮೇಲೆ ದೊಡ್ಡ ವಸ್ತ್ರ ಹೊದೆಶಿಯೇ ತಿರುಗುಸುಲೆ ಆವುತ್ತು ಹೇಳಿ ಆದಪ್ಪಗ ಒಪ್ಪಿದವು. ಮತ್ತೆ ಮತ್ತೆ ಎರಡು ಗಂಟೆಯ ಪಾಳಿಲಿ ಅಬ್ಬೆ ಮಗ ಇಬ್ರೂ ಮಾತಾಡುದು ಎನಗೆ ಆಚ ಕೋಣೆಗೆ ಕೇಳಿಯೊಂಡಿತ್ತು: ಹಳೆ ತೋಟದ ಕತೆ, ತೀರಿ ಹೋದ ದೊಡ್ಡಪ್ಪನ ಕತೆ. ಈ ಸೇವೆ ಹೆಮ್ಮಕ್ಕೊಗೆ ಮಾಂತ್ರ ಹೇಳಿ ಬಿಟ್ಟರೆ ಗೆಂಡುಮಕ್ಕೊಗೆ ತಪ್ಪುದು ಕೆಲಸ ಮಾಂತ್ರ ಅಲ್ಲ ಹೇಳಿ ಎನಗೆ ಕಾಂಬದು.

ನೋಡ್ಲೆ ಬಪ್ಪ ನೆಂಟ್ರಿಂಗೂ ಒಂದು ಮಾತು. ಹಾರ್ಲಿಕ್ಸಿನ ಡಬ್ಬಿ ತಂದರೆ ಸಂತೋಷ. ಆದರೆ ವಾರಕ್ಕೆ ಒಂದು ಇರುಳು ಬಂದು ಒಳುದು ಎರಡು ಪಾಳಿ ತೆಕ್ಕೊಂಡರೆ, ಮನೆಯ ಒಂದು ಜೆನಕ್ಕೆ ಒಂದು ಇರುಳು ಪೂರ್ತಿ ಒರಕ್ಕು ಸಿಕ್ಕುತ್ತು. ಅದರಿಂದ ದೊಡ್ಡ ಉಡುಗೊರೆ ಇಲ್ಲೆ.

ಎರಡು ಗಂಟೆ ಹೇಳುದು ದೇವರ ನಿಯಮ ಅಲ್ಲ. ಒಳ್ಳೆ ದಪ್ಪದ ಫೋಮಿನ ಹಾಸಿಗೆ ಇದ್ದಲ್ಲಿ ಎರಡು, ಮೂರು, ನಾಲ್ಕು ಗಂಟೆಗೊಂದರಿ ತಿರುಗುಸಿ ನೋಡಿದ ಒಂದು ಅಧ್ಯಯನ 2013ಲಿ ಅಮೇರಿಕ, ಕೆನಡದ ವೃದ್ಧಾಶ್ರಮಂಗಳಿಂದ ಬಂತು. ಮೂರರಲ್ಲಿಯೂ ದೊಡ್ಡ ವ್ಯತ್ಯಾಸ ಕಂಡಿದಿಲ್ಲೆ. ಹಾಂಗಾಗಿ ಚೋಲಿ ಚೆಂದಕೆ ಇದ್ದರೆ, ಹಾಸಿಗೆ ಒಳ್ಳೆದಿದ್ದರೆ, ಡಾಕ್ಟ್ರ ಹತ್ತರೆ ಕೇಳಿಗೊಂಡು ಇರುಳಿನ ಎಡೆ ರಜ ಹೆಚ್ಚು ಮಾಡ್ಲಕ್ಕು. ಕೂದಲ್ಲೇ ಇಪ್ಪವಕ್ಕೆ ಮಾಂತ್ರ ಎರಡು ಗಂಟೆ ತುಂಬ ಆತು. ಅವರ ಬೇಗ ಬೇಗ ಅತ್ತಿತ್ತೆ ಓರೆ ಮಾಡ್ಸೆಕ್ಕು.

ತಿರುಗುಸುಲೂ ಒಂದು ಕ್ರಮ ಇದ್ದು. ಪೂರ್ತಿ ಮಗ್ಗುಲಿಂಗೆ ಮನುಶಿರೆ ಭಾರ ಎಲ್ಲ ಮಗ್ಗುಲಿನ ಎಲುಬಿನ ಮೇಲೆ ಬೀಳ್ತು. ಬೆನ್ನಿನ ಹಿಂದಂಗೆ ತಲೆಕೊಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಲಿ ಮನುಶಿರೆ ಸಾಕು. ಮೊಳಪ್ಪುಗಳ ಎಡಕ್ಕಿಲಿ ಇನ್ನೊಂದು ತಲೆಕೊಂಬು. ಮೀನಖಂಡದ ಅಡಿಂಗೆ ಮತ್ತೊಂದು ಮಡುಗಿ, ಹಿಮ್ಮಡಿ ಹಾಸಿಗೆಗೆ ತಾಗದ್ದೆ ನೇಲುವ ಹಾಂಗೆ ಮಾಡೆಕ್ಕು. ಮೇಲಂಗೆ ಸರುಸೆಕ್ಕಾರೆ ಇಬ್ರು ಸೇರಿ ಅಡಿಯಾಣ ವಸ್ತ್ರವನ್ನೇ ಹಿಡುದು ನೆಗ್ಗೆಕ್ಕು, ಎಳವಲಾಗ. ಉಂಬ ಹೊತ್ತು ಬಿಟ್ಟರೆ ತಲೆ ಹೊಡೆ 30 ಡಿಗ್ರಿಂದ ಎತ್ತರ ಬೇಡ. ಉಂಬಗ ಬೇಕೇ ಬೇಕು, ಇಲ್ಲದ್ದರೆ ನೆತ್ತಿಗೇರುಗು.

ಗಾಳಿಯ ಹಾಸಿಗೆ, ಏರ್‌ಬೆಡ್ ಹೇಳ್ತವನ್ನೆ, ಅದು ಒಳ್ಳೆದೇ. ಮನೆಯ ಹಾಸಿಗೆಯ ಮೇಲೆ ಅದರ ಹಾಕಿ, ಮೇಲಂದ ಒಂದೇ ಒಂದು ತೆಳು ವಸ್ತ್ರ. ನಾಲ್ಕು ಪದರ ಹೊದಕ್ಕೆ, ರೆಕ್ಸಿನು, ಮೇಲೆ ಮತ್ತೊಂದು ಹಸೆ ಹಾಕಿರೆ ಏರ್‌ಬೆಡ್ ಇದ್ದೂ ಇಲ್ಲದ್ದ ಹಾಂಗೆ. ಅವರ ಸೊಂಟದ ಜಾಗೆಲಿ ಏರ್‌ಬೆಡ್ಡಿನ ಅಡಿಂಗೆ ಅಂಗೈ ಹಾಕಿ ನೋಡಿ. ಎಡಕ್ಕಿಲಿ ಒಂದು ಇಂಚಾದರೂ ಗಾಳಿ ಇರೆಕ್ಕು. ಕರೆಂಟು ಹೋದಪ್ಪಗ ಅದು ಮೆಲ್ಲಂಗೆ ಕುಗ್ಗುತ್ತು, ನೆಂಪಿರಲಿ. ಏರ್‌ಬೆಡ್ ತಂದ ದಿನವೇ "ಇನ್ನು ತಿರುಗುಸೆಕ್ಕು ಹೇಳಿ ಇಲ್ಲೆ" ಹೇಳಿ ಪಾಳಿಯ ಚೀಟು ಹರುದು ಹಾಕಿದ ಮನೆಗಳ ಕಂಡಿದೆ. ಹಾಸಿಗೆ ಸಹಾಯ ಮಾಡುಗು, ತಿರುಗುಸ.

ಪ್ರೀತಿಲಿ ಮಾಡುವ ಕೆಲವು ಕೆಲಸಂದ ಉಪದ್ರವೇ ಆವುತ್ತು. ಕೆಂಪಾದ ಜಾಗೆಗೆ ಎಣ್ಣೆ ಕಿಟ್ಟಿ ತಿಕ್ಕುಲಾಗ. ಒಳ ಮದಲೇ ನೊಂದ ಮಾಂಸ ಮತ್ತೂ ಹಾಳಾವುತ್ತು. ಒಣಗಿದ ಚೋಲಿಗೆ ತೆಂಗಿನೆಣ್ಣೆ ಮೆಲ್ಲಂಗೆ ಉದ್ದುದು ಬೇರೆ, ಅದು ಅಕ್ಕು. ಟ್ಯೂಬಿನ ಹಾಂಗಿಪ್ಪ ಉರುಟು ಬಳೆಯ ಮೇಲೆ ಕೂರ್ಸುದು, ಗ್ಲೌಸಿಂಗೆ ನೀರು ತುಂಬುಸಿ ಹಿಮ್ಮಡಿಯ ಅಡಿಂಗೆ ಮಡುಗುದು, ಎರಡೂ ಬೇಡ. ಬಳೆಯ ಸುತ್ತಂದ ನೆತ್ತರು ಮತ್ತೂ ತಡೆತ್ತು. ಬಾಳೆಲೆ ಹಾಸಿರೆ ತಂಪಪ್ಪದು, ಅಂಟದ್ದೆ ಇಪ್ಪದು ಸತ್ಯ. ಆದರೆ ಎಲೆ ಭಾರ ಹೊರ.

ದಿನಕ್ಕೆ ಎರಡು ಸರ್ತಿ, ಬೆಣಚ್ಚಿಲಿ, ಆ ಜಾಗೆಗಳ ಎಲ್ಲ ನೋಡೆಕ್ಕು. ಮೀಶುವಗ ಒಂದರಿ, ಇರುಳು ಮನುಶುವಗ ಒಂದರಿ. ಕೆಂಪು ಕಂಡರೆ ಬೆರಳಿಲಿ ಒತ್ತಿ ಬಿಡಿ. ಬೆಳಿ ಆಗಿ ಮತ್ತೆ ಕೆಂಪಾದರೆ ನೆತ್ತರು ಓಡ್ತಾ ಇದ್ದು. ಒತ್ತಿರೂ ಬೆಳಿ ಆಗದ್ದೆ ಹಾಂಗೇ ಇದ್ದರೆ ಹುಣ್ಣು ಸುರುವಾತು ಹೇಳಿಯೇ ಲೆಕ್ಕ. ನಮ್ಮ ಕಪ್ಪು ಚೋಲಿಲಿ ಕೆಂಪು ಕಾಣದ್ದೆ ಇಕ್ಕು. ಆ ಜಾಗೆ ಸುತ್ತಿಂದ ಹೆಚ್ಚು ಕಪ್ಪಾಗಿದ್ದೋ, ಬೆಶಿ ಇದ್ದೋ, ಗಟ್ಟಿ ಅಥವಾ ಮೆತ್ತಂಗೆ ಆಯಿದೋ ಹೇಳಿ ಮುಟ್ಟಿ ನೋಡೆಕ್ಕು. ಈ ಹಂತಲ್ಲಿ ಹಿಡುದರೆ, ಆ ಜಾಗೆಗೆ ಭಾರವೇ ಬೀಳದ್ದ ಹಾಂಗೆ ಮಾಡಿರೆ, ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತು. ಮತ್ತಾಣ ಹಂತಲ್ಲಿ ಚೋಲಿ ಹರಿತ್ತು ಅಥವಾ ಬೊಕ್ಕೆ ಏಳ್ತು. ಮೂರನೆದರಲ್ಲಿ ಚೋಲಿಯ ಅಡಿಯಾಣ ಕೊಬ್ಬು ಕಾಣ್ತು. ನಾಲ್ಕನೆದರಲ್ಲಿ ಮಾಂಸ, ಎಲುಬು. ಮೇಲೆ ಒಂದು ರೂಪಾಯಿಯಷ್ಟು ಕಂಡದು ಒಳ ಅಂಗೈಯಷ್ಟು ಅಗಲ ಇಪ್ಪಲೂ ಸಾಕು. ಆ ಹಂತ ಗುಣ ಅಪ್ಪಲೆ ತಿಂಗಳುಗಟ್ಲೆ ಬೇಕು, ಕೆಲವರಿಂಗೆ ಆಪರೇಷನ್ನೇ ಬೇಕಕ್ಕು.

ಬೊಕ್ಕೆಯ ಒಡವಲಾಗ. ಹರುದ ಹುಣ್ಣಿಂಗೆ ಅರಿಶಿನ ಹೊಡಿ, ಬೂದಿ, ಪೌಡರು ಎಂತದೂ ತುಂಬುಸುಲಾಗ. ಸ್ಪಿರಿಟು, ಡೆಟ್ಟಾಲು, ಹೈಡ್ರೋಜನ್ ಪೆರಾಕ್ಸೈಡು ಹಾಕಿರೆ ನೊರೆ ಬಂದು ಕ್ಲೀನಾದ ಹಾಂಗೆ ಕಾಣ್ತು, ಆದರೆ ಹೊಸತ್ತಾಗಿ ಬೆಳವ ಮಾಂಸವೂ ಸಾಯ್ತು. ಮೆಡಿಕಲ್ಲಿಲಿ ಸಿಕ್ಕುವ ಸಲೈನಿಲಿ ತೊಳೆರೆ ಸಾಕು. ಅದು ಇಲ್ಲದ್ದರೆ ಕೊದುಶಿ ತಣುಶಿದ ಒಂದು ಲೀಟರು ನೀರಿಂಗೆ ಸುಮಾರು 9 ಗ್ರಾಂ, ಹೇಳಿರೆ ಸಣ್ಣ ಚಮಚಲ್ಲಿ ಒಂದೂವರೆ, ಉಪ್ಪು. ಗಾಳಿಗೆ ಬಿಟ್ಟು ಒಣಗುಸುದು ಹಳೆ ಕ್ರಮ. ಹದವಾಗಿ ಪಸೆ ಇಪ್ಪ ಗಾಯ ಒಣಗಿ ಹೊರಳೆ ಕಟ್ಟಿದ ಗಾಯಂದ ಬೇಗ ಮುಚ್ಚುತ್ತು ಹೇಳಿ ಜಾರ್ಜ್ ವಿಂಟರ್ 1962ಲಿಯೇ ಹಂದಿಗಳಲ್ಲಿ ತೋರ್ಸಿದ್ದ. ಯಾವ ಡ್ರೆಸ್ಸಿಂಗು ಹೇಳಿ ಡಾಕ್ಟ್ರು, ನರ್ಸು ನಿಘಂಟು ಮಾಡೆಕ್ಕು. ಕಪ್ಪು ಹೊಪ್ಪಳೆಯ ನಾವಾಗಿ ಕೀಳ್ಲಾಗ. ವಾಸನೆ, ಕೀವು, ಜ್ವರ, ಸುತ್ತ ಕೆಂಪು ಹರಡುದು, ಇದ್ದಕ್ಕಿದ್ದ ಹಾಂಗೆ ಮಂಕಪ್ಪದು: ಇದರಲ್ಲಿ ಯಾವದು ಕಂಡರೂ ಮರದಿನಕ್ಕೆ ಕಾಯದ್ದೆ ಆಸ್ಪತ್ರೆಗೆ ಹೋಯೆಕ್ಕು. ನಂಜು ನೆತ್ತರಿಂಗೆ ಏರಿರೆ ಜೀವಕ್ಕೇ ತೊಂದರೆ.

ಊಟದ ಬಗ್ಗೆಯೂ ಹೇಳೆಕ್ಕು. ಮನುಗಿದವಕ್ಕೆ ಗೆಂಜಿ ತೆಳಿ ಮಾಂತ್ರ ಕೊಡುದು ನಮ್ಮ ಕ್ರಮ, "ಜೀರ್ಣ ಆಯೆಕ್ಕನ್ನೆ" ಹೇಳಿ. ಆದರೆ ತೆಳಿಲಿ ಚೋಲಿ ಬೆಳೆಯ. 50 ಕಿಲೋ ತೂಕದವಕ್ಕೆ ಈ ಸ್ಥಿತಿಲಿ ದಿನಕ್ಕೆ ಸುಮಾರು 60ರಿಂದ 75 ಗ್ರಾಂ ಪ್ರೋಟೀನು ಬೇಕು. ಒಂದು ಗ್ಲಾಸು ಹಾಲಿಲಿ ಸಿಕ್ಕುದು ಆರೇಳು ಗ್ರಾಂ. ಹಾಂಗಾಗಿ ದಪ್ಪ ತೊವ್ವೆ, ಹಸರು ಬೇಶಿ ಅರದ್ದು, ಮಸರು, ಪನೀರು, ಹಾಲು ಹಾಕಿದ ರಾಗಿ ಮಣ್ಣಿ, ರಜ ರಜವೇ ಆರು ಸರ್ತಿ ಕೊಡುವ. ಮೂತ್ರಪಿಂಡದ ತೊಂದರೆ ಇಪ್ಪವಕ್ಕೆ ಡಾಕ್ಟ್ರ ಹತ್ತರೆ ಕೇಳಿಯೇ ಕೊಡೆಕ್ಕು. ಸಕ್ಕರೆ ಕಾಯಿಲೆಯೂ ಹದಲ್ಲಿ ಇರೆಕ್ಕು.

ಇಷ್ಟೆಲ್ಲ ಮನೆಯವೇ ಕಲ್ತುಗೊಳೆಕ್ಕೋ? ಗಡಿಯ ಆಚ ಹೊಡೆಲಿ, ಕಾಸರಗೋಡಿನ ಎಂಗಳ ನೆಂಟ್ರ ಮನೆಗೆ ಪಂಚಾಯತಿನ ಪಾಲಿಯೇಟಿವ್ ನರ್ಸು ಬತ್ತವು. ಹುಣ್ಣು ತೊಳದು ಕಟ್ಟುದು ಮಾಂತ್ರ ಅಲ್ಲ, ಮನೆಯವಕ್ಕೆ ತಿರುಗುಸುಲೆ ಕಲುಶಿ ಕೊಡ್ತವು. ಕೇರಳ 2008ಲಿ ಇದಕ್ಕೆ ಬೇಕಾಗಿಯೇ ಒಂದು ನೀತಿ ಮಾಡಿತ್ತು. ಈಚ ಹೊಡೆಲಿ ನಾವು ಇನ್ನೂ ಬಾಯಿ ಬಿಟ್ಟು ಕೇಳೆಕ್ಕಷ್ಟೆ. ಆಯುಷ್ಮಾನ್ ಭಾರತದ ಆರೋಗ್ಯ ಕೇಂದ್ರಂಗಳ ಸೇವೆಯ ಪಟ್ಟಿಲಿ ವೃದ್ಧರ ಆರೈಕೆ, ಪಾಲಿಯೇಟಿವ್ ಆರೈಕೆ ಎರಡೂ ಇದ್ದು. ಆಶಾ ಕಾರ್ಯಕರ್ತೆಯ ಹತ್ತರೆ, ಪ್ರಾಥಮಿಕ ಆರೋಗ್ಯ ಕೇಂದ್ರಲ್ಲಿ ಕೇಳುದಕ್ಕೆ ನಾಚಿಕೆ ಎಂತಕೆ? ಹುಣ್ಣಾದ್ದರ ಮುಚ್ಚಿ ಮಡುಗುದೇ ದೊಡ್ಡ ಅಪಾಯ. ಬೈವವು ಇದ್ದವು ಹೇಳಿ ಹೆದರಿ ಸೊಸೆಯಕ್ಕೊ, ಮಗಳಕ್ಕೊ ಹೇಳದ್ದೆ ಕೂರ್ತವು. ಹೇಳುವಗ ಎಲುಬು ಕಂಡಿರ್ತು. ಹಾಂಗಾಗಿ ಬೈಗುಳಂದ ಹುಣ್ಣು ಕಮ್ಮಿ ಆವುತ್ತಿಲ್ಲೆ, ದೊಡ್ಡ ಆವುತ್ತು.

ಮತ್ತೊಂದು ಸಂಗತಿಯೂ ಇದ್ದು. ಎಲ್ಲ ಸರಿ ಮಾಡಿರೂ, ಜೀವ ಮುಗಿವಲಾದಪ್ಪಗ ಚೋಲಿಯೂ ಸೋಲ್ತು. ಅಖೇರಿಯಾಣ ದಿನಂಗಳಲ್ಲಿ ಕೆಲವರಿಂಗೆ ಎಷ್ಟು ನೋಡಿಗೊಂಡರೂ ಹುಣ್ಣು ಏಳ್ತು. ಆ ಹೊತ್ತಿಂಗೆ ತಿರುಗುಸುದೇ ಬೇನೆ ಅಪ್ಪದಾದರೆ ಗಡಿಯಾರವ ಬದಿಗೆ ಮಡುಗೆಕ್ಕು, ಬೇನೆಗೆ ಮದ್ದು ಕೇಳೆಕ್ಕು, ಅವಕ್ಕೆ ಯಾವ ಹೊಡೆ ಸುಖವೋ ಆ ಹೊಡೆಂಗೆ ಮನುಶೆಕ್ಕು.

ನಿಂಗಳ ಮನೆಲಿ ಆರಾದರೂ ಹಾಸಿಗೆಲಿ ಇದ್ದರೆ, ಇಂದು ಹೊತ್ತೋಪಗ ಎಲ್ಲೋರು ಮನೆಲಿಪ್ಪ ಹೊತ್ತಿಂಗೆ ಒಂದು ಕಾಗದ ತೆಕ್ಕೊಂಡು ಗಂಟೆಗಳ ಬರೆಯಿರಿ. ಪ್ರತಿ ಗಂಟೆಯ ಎದುರು ಒಂದು ಹೆಸರು ಬರೆಕ್ಕು. ಒಂದೇ ಹೆಸರು ಕೆಳಂದ ಮೇಲಂಗೆ ಬಂತು ಹೇಳಿ ಆದರೆ, ಕಾಗದವ ಹರುದು ಸುರುವಿಂದ ಬರೆಯಿರಿ.